45ರ ಕಾಲದಲ್ಲಿ 60ರ ಬೈಕು: ಒಂದು ಸಿಮ್ಸನ್ ಎಸ್51 ಪ್ರಕರಣ

ಪ್ರಕರಣ

ಜರ್ಮನಿಯ ಥುರಿಂಗಿಯಾ ರಾಜ್ಯ. ಇಲ್ಮೆನಾವ್ ಪಟ್ಟಣದಿಂದ ಸ್ವಲ್ಪ ದೂರ, ಕಾಡಿನ ಅಂಚಿನಲ್ಲಿ ಒಂದು ಸಣ್ಣ ಹಳ್ಳಿ. ಅಲ್ಲಿನ ಒಂದು ಮನೆಯ ಹುಡುಗನಿಗೆ 15 ತುಂಬುವುದರಲ್ಲಿತ್ತು. ಶಾಲೆ ಪಟ್ಟಣದಲ್ಲಿ, ಫುಟ್‌ಬಾಲ್ ಅಭ್ಯಾಸ ಪಕ್ಕದ ಇನ್ನೊಂದು ಹಳ್ಳಿಯಲ್ಲಿ. ಸಂಜೆಯ ಮೇಲೆ ಬಸ್ಸು ಸಿಗುವುದಿಲ್ಲ. ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಅವನಿಗೊಂದು ಗಾಡಿ ಬೇಕೇ ಬೇಕು ಅನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ತಕರಾರು ಇರಲಿಲ್ಲ. ಯಾವ ಗಾಡಿ ಅನ್ನುವುದರಲ್ಲಿ ಮಾತ್ರ ಜಗಳ.

ಅಪ್ಪನ ಮನಸ್ಸು ಹೊಸ ಸ್ಕೂಟರ್ ಮೇಲೆ. ಬಟನ್ ಒತ್ತಿದರೆ ಸ್ಟಾರ್ಟ್, ವಾರಂಟಿ, ತಲೆನೋವಿಲ್ಲ. ಹುಡುಗನ ಕಣ್ಣು ಅಜ್ಜನ ಕೊಟ್ಟಿಗೆಯ ಮೇಲೆ. ಅಲ್ಲಿ ಟಾರ್ಪಾಲಿನ ಕೆಳಗೆ 1985ರ ನೀಲಿ ಸಿಮ್ಸನ್ ಎಸ್51, ಅಂದರೆ ಹಿಂದಿನ ಪೂರ್ವ ಜರ್ಮನಿಯಲ್ಲಿ ತಯಾರಾದ 50 ಸಿಸಿ ಬೈಕು, ನಿಂತಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ ಅಜ್ಜ ಕಾರು ಕೊಂಡರು. ಆಮೇಲೆ ಒಂದೆರಡು ವರ್ಷ ಹಾಗೂ ಹೀಗೂ ಓಡಿಸಿ ಮೂಲೆಗೆ ನಿಲ್ಲಿಸಿದ್ದು, ಹಾಗೇ ಉಳಿದಿತ್ತು. ಟ್ಯಾಂಕ್ ತುಕ್ಕು, ಟೈರು ಸೀಳು, ಕಾಗದಪತ್ರ ನಾಪತ್ತೆ.

ನಾನು ಓದಲು ಇಲ್ಮೆನಾವ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬಂದವನು, ಆಮೇಲೆ ಇಲ್ಲೇ ಕೆಲಸಕ್ಕೆ ಸೇರಿದೆ. ಹುಡುಗನ ಅಪ್ಪ ನನ್ನ ಸಹೋದ್ಯೋಗಿ. ನಾನು ಮೈಸೂರು ಕಡೆಯಿಂದ ಬಂದವನು, ಮನೆಯಲ್ಲಿ ಯೆಜ್ಡಿ ಇತ್ತು, ಟೂ-ಸ್ಟ್ರೋಕ್ ಎಂಜಿನ್ ಬಿಚ್ಚಿ ಗೊತ್ತು ಅಂತ ಎಂದೋ ಮಾತಿನ ನಡುವೆ ಹೇಳಿದ್ದೆ. ಅದು ಅವರಿಗೆ ನೆನಪಿತ್ತು. "ಒಮ್ಮೆ ಬಂದು ನೋಡಿ, ಆಗದ ಕೆಲಸ ಅಂತ ನೀವೇ ಅವನಿಗೆ ಹೇಳಿಬಿಡಿ" ಎಂದು ಕರೆದರು. ನೋಡಿದ ಮೇಲೆ ನಾನು ಹಾಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ, ಆ ಗಾಡಿ ರಸ್ತೆಗೆ ಬಂದದ್ದು ಹೇಗೆ, 15ರ ಹುಡುಗನಿಗೆ ಇದು ನಿಜಕ್ಕೂ ಸರಿಯಾದ ಗಾಡಿಯಾ ಅನ್ನುವುದೇ ಈ ಬರಹ.

15 ಕಿಲೋಮೀಟರ್ ವ್ಯತ್ಯಾಸ

ಹುಡುಗನ ವಾದ ಒಂದೇ ಸಾಲಿನದು: "ಹೊಸದು 45 ಓಡುತ್ತೆ, ಇದು 60 ಓಡುತ್ತೆ." ಥುರಿಂಗಿಯಾದಲ್ಲಿ ಈ ವಯಸ್ಸಿನ ಯಾವ ಮಗುವನ್ನು ಕೇಳಿದರೂ ಇದೇ ಮಾತು ಬರುತ್ತದೆ. ಇದು ಬರೀ ಹುಡುಗಾಟದ ಮಾತಲ್ಲ, ಅದರ ಹಿಂದೆ ಕಾನೂನು ಇದೆ.

ಜರ್ಮನಿಯಲ್ಲಿ 50 ಸಿಸಿ ಗಾಡಿಗೆ ಎಎಂ ಎಂಬ ವರ್ಗದ ಲೈಸೆನ್ಸ್ ಬೇಕು. ಮೊದಲು ಅದು 16 ವರ್ಷಕ್ಕೆ ಸಿಗುತ್ತಿತ್ತು. 2013ರಲ್ಲಿ ಥುರಿಂಗಿಯಾ, ಸ್ಯಾಕ್ಸನಿ, ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯಗಳಲ್ಲಿ 15ಕ್ಕೇ ಕೊಟ್ಟು ನೋಡುವ ಪ್ರಯೋಗ ಶುರುವಾಯಿತು. 2021ರಿಂದ ಇಡೀ ದೇಶಕ್ಕೆ 15 ಆಯಿತು. 16 ತುಂಬುವವರೆಗೆ ಜರ್ಮನಿಯ ಗಡಿ ದಾಟುವಂತಿಲ್ಲ, ಅಷ್ಟೇ. ಈ ಲೈಸೆನ್ಸಿನಲ್ಲಿ ಓಡಿಸುವ ಹೊಸ ಗಾಡಿ ಯಾವುದೇ ಇರಲಿ, ಯುರೋಪಿನ ನಿಯಮದಂತೆ ಗಂಟೆಗೆ 45 ಕಿಲೋಮೀಟರ್‌ಗಿಂತ ಜಾಸ್ತಿ ಓಡುವಂತಿಲ್ಲ.

ಪೂರ್ವ ಜರ್ಮನಿಯ ಲೆಕ್ಕ ಬೇರೆ ಇತ್ತು. ಅಲ್ಲಿ 50 ಸಿಸಿಗೆ 60 ಕಿಲೋಮೀಟರ್ ವೇಗ. ಎರಡು ಜರ್ಮನಿ ಒಂದಾಗುವಾಗ, 1990ರ ಆಗಸ್ಟ್ 31ರಂದು ಸಹಿ ಬಿದ್ದ ಏಕೀಕರಣ ಒಪ್ಪಂದದಲ್ಲಿ ಇದಕ್ಕೂ ಒಂದು ಜಾಗ ಸಿಕ್ಕಿತು. ಪೂರ್ವದ ನಿಯಮದಂತೆ ತಯಾರಾಗಿ, 1992ರ ಫೆಬ್ರವರಿ 28ರ ಒಳಗೆ ರಸ್ತೆಗೆ ಇಳಿದ ಗಾಡಿಗಳು ಮೊದಲಿನಂತೆ 60ರಲ್ಲೇ ಓಡಬಹುದು. ಸಣ್ಣ ಲೈಸೆನ್ಸೇ ಸಾಕು. ಆಗ ಲಕ್ಷಾಂತರ ಮನೆಗಳಲ್ಲಿ ಇಂಥ ಗಾಡಿಗಳಿದ್ದವು. ಒಂದೇ ರಾತ್ರಿಗೆ ಅವನ್ನೆಲ್ಲ ದೊಡ್ಡ ಬೈಕಿನ ಸಾಲಿಗೆ ಸೇರಿಸಿದ್ದರೆ ಜನ ಏನು ಮಾಡಬೇಕಿತ್ತು? ಆ ಹೊತ್ತಿಗೆ ಮಾಡಿದ ಒಂದು ವ್ಯವಸ್ಥೆ ಅದು. ಹತ್ತಿಪ್ಪತ್ತು ವರ್ಷದಲ್ಲಿ ಗಾಡಿಗಳು ಸವೆದು ಗುಜರಿಗೆ ಹೋಗಬೇಕಿತ್ತು, ಅವುಗಳ ಜೊತೆಗೆ ಆ ವಿನಾಯಿತಿಯೂ ಮುಗಿಯಬೇಕಿತ್ತು. ಎರಡೂ ಆಗಲಿಲ್ಲ.

15 ಕಿಲೋಮೀಟರ್ ಯಾವ ಮಹಾ ಅಂತ ಅನಿಸಬಹುದು. ರಸ್ತೆಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಊರೊಳಗಿನ ಮಿತಿ 50. 45ಕ್ಕೆ ಕಟ್ಟಿಹಾಕಿದ ಸ್ಕೂಟರ್ ಮುಂದಿದ್ದರೆ ಹಿಂದಿನ ಕಾರಿನವರಿಗೆ ತಾಳ್ಮೆ ಇರುವುದಿಲ್ಲ. ಹಿಂದಿಕ್ಕಲೇಬೇಕು ಅನಿಸುತ್ತದೆ, ಹಿಂದಿಕ್ಕಲು ಜಾಗ ಸಾಲುವುದಿಲ್ಲ. ಕೈಗೆ ತಾಗುವಷ್ಟು ಹತ್ತಿರದಿಂದ ಸರ್ರನೆ ಹೋಗುತ್ತಾರೆ. 60 ಓಡುವ ಗಾಡಿ ಅದೇ ರಸ್ತೆಯಲ್ಲಿ ಕಾರುಗಳ ಜೊತೆಗೇ ಹೋಗುತ್ತದೆ. ಹಿಂದಿಕ್ಕುವ ಮಾತೇ ಬರುವುದಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಯಲ್ಲಿ ಮಿತಿ 100, ಅಲ್ಲಿ 60 ಕೂಡ ನಿಧಾನವೇ. ಆದರೂ 45ಕ್ಕಿಂತ ವಾಸಿ. 45ರ ಈ ಮಿತಿ ಇಂಥ ರಸ್ತೆಗಳಲ್ಲಿ ಮಕ್ಕಳನ್ನೇ ಅಪಾಯಕ್ಕೆ ಒಡ್ಡುತ್ತಿದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಎಸ್51 ಅಂದರೆ ಏನು

ಸಿಮ್ಸನ್ ಕಾರ್ಖಾನೆ ಇದ್ದದ್ದು ಸೂಲ್ ಎಂಬ ಊರಿನಲ್ಲಿ. ಇಲ್ಮೆನಾವ್‌ನಿಂದ ಬೆಟ್ಟ ದಾಟಿದರೆ ಸಿಗುತ್ತದೆ. ಬಂದೂಕು ತಯಾರಿಗೆ ಹೆಸರಾದ ಊರು. 1856ರಲ್ಲಿ ಲೋಬ್ ಮತ್ತು ಮೋಸೆಸ್ ಸಿಮ್ಸನ್ ಎಂಬ ಯಹೂದಿ ಸೋದರರು ಶುರು ಮಾಡಿದ ಕಂಪನಿ ಇದು. ಬಂದೂಕು, ಸೈಕಲ್ಲು, ಕಾರು ಎಲ್ಲ ಮಾಡಿತು. ನಾಜಿಗಳು ಕಾರ್ಖಾನೆಯನ್ನು ಕಿತ್ತುಕೊಂಡರು. 1936ರಲ್ಲಿ ಕುಟುಂಬ ದೇಶ ಬಿಟ್ಟು ಓಡಬೇಕಾಯಿತು. ಯುದ್ಧದ ನಂತರ ಪೂರ್ವ ಜರ್ಮನಿಯ ಸರ್ಕಾರಿ ಕಾರ್ಖಾನೆಯಾಗಿ ಅದೇ ಹೆಸರು ಮತ್ತೆ ಬಂತು. 2024ರ ಥುರಿಂಗಿಯಾ ಚುನಾವಣೆಯ ಹೊತ್ತಿನಲ್ಲಿ ಕಡುಬಲಪಂಥೀಯ ಪಕ್ಷದವರು ಸಿಮ್ಸನ್ ಸವಾರಿಯನ್ನು ಪ್ರಚಾರಕ್ಕೆ ಬಳಸಿಕೊಂಡಾಗ ಆ ಕುಟುಂಬದವರು ಬಹಿರಂಗವಾಗಿ ವಿರೋಧಿಸಿದರು. ಅವರು ವಿರೋಧಿಸಿದ್ದು ಸರಿಯೇ. ಟ್ಯಾಂಕಿನ ಮೇಲಿನ ಹೆಸರು ಯಾರದು ಅನ್ನುವುದನ್ನು ಆ ಗಾಡಿ ಓಡಿಸುವ ಪ್ರತಿ ಮಗುವೂ ತಿಳಿದಿರಬೇಕು. ನಮ್ಮ ಹುಡುಗನಿಗೆ ಇದು ಗೊತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತು, ಆದರೆ ಯಾರೂ ಕೇಳಿರಲಿಲ್ಲ.

1955ರಲ್ಲಿ ಎಸ್‌ಆರ್1 ಎಂಬ ಮೊಪೆಡ್ ಬಂತು. 1964ರಲ್ಲಿ ಶ್ವಾಲ್ಬೆ ಎಂಬ ಸ್ಕೂಟರ್ ಮಾದರಿಯ ಗಾಡಿ ಬಂತು, ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1975ರಲ್ಲಿ ಎಸ್50, 1980ರಲ್ಲಿ ಎಸ್51. ನೋಡಲು ಪೂರ್ತಿ ಬೈಕು. ಟ್ಯಾಂಕು ಮುಂದೆ, ಇಬ್ಬರಿಗೆ ಸೀಟು, 16 ಇಂಚಿನ ಚಕ್ರ. ಎಂಜಿನ್ 49.8 ಸಿಸಿ, ಗಾಳಿಯಿಂದ ತಣ್ಣಗಾಗುವ ಒಂದೇ ಸಿಲಿಂಡರ್. 3.7 ಕುದುರೆ ಶಕ್ತಿ. ಗೇರು ಮೂರು ಅಥವಾ ನಾಲ್ಕು. ನಮ್ಮ ಕೈಗೆ ಬಂದದ್ದು ಬಿ1-4 ಎಂಬ ಮಾದರಿ, ಅಂದರೆ ನಾಲ್ಕು ಗೇರು, ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ತೆರೆದಾಗ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ), 6 ವೋಲ್ಟ್ ಕರೆಂಟು.

ಈ ಗಾಡಿಯನ್ನು ವಿನ್ಯಾಸ ಮಾಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಊರಲ್ಲಿ ವರ್ಕ್‌ಶಾಪು ಕಡಿಮೆ, ಬಿಡಿಭಾಗ ಬೇಕೆಂದಾಗ ಸಿಗುವುದಿಲ್ಲ, ರಿಪೇರಿ ಮಾಡುವವನು ಓಡಿಸುವವನೇ. ಚೈನ್ ನೋಡಿ. ಅದು ಹೊರಗೆ ಕಾಣುವುದೇ ಇಲ್ಲ. ಮೇಲೊಂದು ಕೆಳಗೊಂದು ಮಡಿಕೆ ಮಡಿಕೆಯ ರಬ್ಬರ್ ಕೊಳವೆ, ಅದರೊಳಗೆ ಚೈನ್ ಓಡುತ್ತದೆ. ಮಳೆ ನೀರು, ಮಣ್ಣು, ಚಳಿಗಾಲದ ರಸ್ತೆ ಉಪ್ಪು ಏನೂ ತಾಗುವುದಿಲ್ಲ. ಅಷ್ಟು ವರ್ಷ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಕೊಳವೆ ಸರಿಸಿ ನೋಡಿದೆ. ಒಳಗೆ ಚೈನ್ ಗ್ರೀಸ್ ಮೆತ್ತಿಕೊಂಡು ಆರಾಮಾಗಿ ಕೂತಿತ್ತು. ಹಿಂದಿನ ಚಕ್ರ ಬಿಚ್ಚಬೇಕು ಅಂದರೆ ಚೈನ್ ಮುಟ್ಟುವ ಹಾಗೇ ಇಲ್ಲ. ಆಕ್ಸಲ್ ಎಳೆದರೆ ಚಕ್ರ ಮಾತ್ರ ಕೈಗೆ ಬರುತ್ತದೆ, ಸ್ಪ್ರಾಕೆಟ್ ಚೈನ್ ಸಮೇತ ಅದರ ಜಾಗದಲ್ಲೇ ಉಳಿಯುತ್ತದೆ. ಮಳೆಯಲ್ಲಿ ಪಂಕ್ಚರ್ ಆದ ಯಾರಿಗಾದರೂ ಇದರ ಬೆಲೆ ಗೊತ್ತು.

ಕಾಗದ

ಮೊದಲು ಕಾಗದದ ಕೆಲಸ ಹಿಡಿದೆವು. 60 ಓಡಿಸುವ ಹಕ್ಕು ಇಲ್ಲದಿದ್ದರೆ ಉಳಿದದ್ದಕ್ಕೆ ಅರ್ಥವೇ ಇರಲಿಲ್ಲ.

ಇಲ್ಲಿ ಒಂದು ತೊಡಕಿದೆ. ಸಿಮ್ಸನ್ ಗಾಡಿಗಳು ಹಂಗೆರಿಯಂಥ ದೇಶಗಳಿಗೂ ರಫ್ತಾಗಿದ್ದವು. ಬೇಡಿಕೆ ಏರಿದ ಮೇಲೆ ಅವುಗಳನ್ನು ವಾಪಸ್ ತಂದು ಮಾರುವ ವ್ಯಾಪಾರ ಶುರುವಾಯಿತು. ಗಾಡಿ ಅದೇ, ಎಂಜಿನ್ ಅದೇ, ಕಾರ್ಖಾನೆ ಅದೇ. ಆದರೆ 1992ರ ಫೆಬ್ರವರಿ ಒಳಗೆ ಪೂರ್ವ ಜರ್ಮನಿಯ ರಸ್ತೆಯಲ್ಲಿ ಓಡಿರಲಿಲ್ಲವಾದ್ದರಿಂದ ಅವಕ್ಕೆ 60ರ ವಿನಾಯಿತಿ ಇರಲಿಲ್ಲ. ತಿಳಿಯದೆ ಕೊಂಡು ಕೈಸುಟ್ಟುಕೊಂಡ ಮನೆಗಳಿವೆ. ಬೇರೆ ಲೈಸೆನ್ಸ್ ಬೇಕಿತ್ತು, ಇಲ್ಲವೇ ವೇಗ 45ಕ್ಕೆ ಇಳಿಸಬೇಕಿತ್ತು. ಆದ್ದರಿಂದ ಯಾರಾದರೂ ಎಸ್51 ಕೊಳ್ಳುವುದಾದರೆ ಎಂಜಿನ್ ಸದ್ದು ಕೇಳುವ ಮುಂಚೆ ಕಾಗದ ಕೇಳಿ ಅನ್ನುತ್ತೇನೆ.

ನಮ್ಮ ಗಾಡಿ ಅಜ್ಜ ಹೊಸದಾಗಿ ಕೊಂಡದ್ದು, ಊರು ಬಿಟ್ಟು ಹೋಗಿಲ್ಲ. ಆದರೆ ಬಾಯಿ ಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲವಲ್ಲ. ಹ್ಯಾಂಡಲ್ ಕೆಳಗೆ ಚೌಕಟ್ಟಿಗೆ ಹೊಡೆದ ತಯಾರಿಕೆ ಫಲಕವನ್ನು ಹುಡುಗ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದ. ಮಾದರಿ, ವರ್ಷ, ಚಾಸಿ ನಂಬರ್ ಒಂದೊಂದಾಗಿ ಮೇಲೆ ಬಂದವು. ಚೌಕಟ್ಟಿನ ಮೇಲೆ ಗುದ್ದಿದ ನಂಬರಿಗೂ ಫಲಕದ ನಂಬರಿಗೂ ತಾಳೆ ಆಯಿತು. ಅಜ್ಜಿಯ ಬಿಸ್ಕತ್ತು ಡಬ್ಬಿಯಲ್ಲಿ ಹಳೆಯ ತೆರಿಗೆ ಕಾರ್ಡ್ ಸಿಕ್ಕಿತು. ಆಗೆಲ್ಲ ಅಂಚೆ ಕಚೇರಿಯಲ್ಲಿ ಚೀಟಿ ಕೊಂಡು ಆ ಕಾರ್ಡಿಗೆ ಅಂಟಿಸಬೇಕಿತ್ತಂತೆ. ವರ್ಷ ವರ್ಷದ ಚೀಟಿಗಳು ಸಾಲಾಗಿ ಹಾಗೇ ಇದ್ದವು. ಇವೆಲ್ಲದರ ನಕಲು ಸೇರಿಸಿ ಫ್ಲೆನ್ಸ್‌ಬರ್ಗ್‌ನ ಕೇಂದ್ರ ಮೋಟಾರು ವಾಹನ ಕಚೇರಿಗೆ ಅರ್ಜಿ ಹಾಕಿದರು. ಕಾದರು. ಹೊಸ ಪರವಾನಗಿ ಪತ್ರ ಬಂತು. ಅದರಲ್ಲಿ ವೇಗದ ಮುಂದೆ 60 ಅಂತ ಇತ್ತು. ಆ ಹಾಳೆ ಹಿಡಿದುಕೊಂಡು ಹುಡುಗ ಅಂಗಳದ ತುಂಬ ಓಡಾಡಿದ.

ಈ ವರ್ಗದ ಗಾಡಿಗೆ ರಸ್ತೆ ತೆರಿಗೆ ಇಲ್ಲ. ಎರಡು ವರ್ಷಕ್ಕೊಮ್ಮೆ ಕಾರುಗಳಿಗೆ ಮಾಡಿಸುವಂಥ ಕಡ್ಡಾಯ ತಪಾಸಣೆಯೂ ಇಲ್ಲ. ವಿಮೆ ಮಾಡಿಸಿದರೆ ಒಂದು ಪುಟ್ಟ ನಂಬರ್ ಪ್ಲೇಟ್ ಕೊಡುತ್ತಾರೆ, ಅದೇ ಗುರುತು. ಪ್ರತಿ ಮಾರ್ಚ್ 1ಕ್ಕೆ ಪ್ಲೇಟ್ ಬದಲಾಗಬೇಕು, ಅಕ್ಷರದ ಬಣ್ಣವೂ ಬದಲಾಗುತ್ತದೆ. ಕಪ್ಪು, ನೀಲಿ, ಹಸಿರು ಸರದಿಯಲ್ಲಿ ಬರುತ್ತವೆ. ದೂರದಿಂದ ನೋಡಿದರೇ ಪೊಲೀಸರಿಗೆ ಯಾರ ವಿಮೆ ಮುಗಿದಿದೆ ಅಂತ ಗೊತ್ತಾಗುತ್ತದೆ.

ಎಂಜಿನ್

ಟ್ಯಾಂಕಿನ ತುಕ್ಕು ತೆಗೆದು, ಕಾರ್ಬುರೇಟರ್ ಬಿಚ್ಚಿ ಗೋಂದಿನಂತೆ ಗಟ್ಟಿಯಾದ ಹಳೆ ಪೆಟ್ರೋಲ್ ತೊಳೆದು, ಹೊಸ ಪ್ಲಗ್ ಹಾಕಿದೆವು. ಲೀಟರಿಗೆ 20 ಮಿಲಿ ಆಯಿಲ್ ಸೇರಿಸಿದ ಪೆಟ್ರೋಲ್ ಹಾಕಿ ಕಿಕ್ಕರ್ ಹೊಡೆದರೆ ಕೆಲವೇ ಸಲಕ್ಕೆ ಎದ್ದುಬಿಟ್ಟಿತು. ಅಜ್ಜ ಮನೆಯೊಳಗಿಂದ ಚಪ್ಪಲಿ ಕೂಡ ಹಾಕದೆ ಓಡಿ ಬಂದರು. ಆ ಸದ್ದು ಅವರಿಗೆ ಚೆನ್ನಾಗಿ ಗೊತ್ತು.

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ತಣ್ಣಗಿದ್ದಾಗ ಚೆನ್ನಾಗಿ ಓಡುತ್ತಿತ್ತು. ಬಿಸಿಯಾದ ಮೇಲೆ ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಇಳಿಯುತ್ತಿರಲಿಲ್ಲ. ತಾನಾಗಿಯೇ ಮೇಲೇರಿ ಕಿರುಚುತ್ತಿತ್ತು. ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗೆ ಸುಟ್ಟಂತಿತ್ತು. ಹುಡುಗ ಕಾರ್ಬುರೇಟರ್ ಜೆಟ್, ಅಂದರೆ ಪೆಟ್ರೋಲ್ ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಭಾಗ, ಬದಲಿಸೋಣ ಅಂದ. ಅವನ ಗೆಳೆಯರೂ ಅದನ್ನೇ ಹೇಳಿದ್ದರು.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗೆ ತಿರುಗುವ ಕ್ರ್ಯಾಂಕ್ ಇರುವ ಕೋಣೆಗೆ ಬರುತ್ತದೆ, ಅಲ್ಲಿಂದ ಮೇಲೆ ಸಿಲಿಂಡರಿಗೆ ಹೋಗುತ್ತದೆ. ಹಾಗಾಗಿ ಆ ಕೋಣೆಯಲ್ಲಿ ಎಲ್ಲೂ ಸೋರಿಕೆ ಇರಬಾರದು. ಕ್ರ್ಯಾಂಕಿನ ಎರಡು ತುದಿಗೂ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಬರುತ್ತದೆ. ಕಿಡಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗುತ್ತದೆ. ಗಾಳಿ ಜಾಸ್ತಿ ಆಯಿತು ಅಂದರೆ ಪೆಟ್ರೋಲ್ ಕಡಿಮೆ, ಅದರ ಜೊತೆ ಆಯಿಲ್ ಕೂಡ ಕಡಿಮೆ. ಎಂಜಿನ್ ಕಾದು ಕಾದು ಒಂದು ದಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ. 60ರಲ್ಲಿ ಹೋಗುವಾಗ ಸೀಜ್ ಆದರೆ ಹಿಂದಿನ ಚಕ್ರ ನಿಂತುಬಿಡುತ್ತದೆ. ಹುಡುಗನಿಗೆ ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಜೆಟ್ ದೊಡ್ಡದು ಹಾಕಿದರೆ ಲಕ್ಷಣ ಮುಚ್ಚಿಹೋಗುತ್ತದೆ, ರೋಗ ಹಾಗೇ ಇರುತ್ತದೆ.

ಮ್ಯಾಗ್ನೆಟೋ ಕವರ್ ತೆಗೆದು, ಪುಲ್ಲರ್ ಹಾಕಿ ಫ್ಲೈವೀಲ್ ಎಳೆದೆವು. ಅದರ ಹಿಂದಿನ ಫಲಕ ಒದ್ದೆ ಒದ್ದೆ. ಸೀಲಿನ ತುಟಿ ಬೆರಳಿಗೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ, ಒಂದು ಕಡೆ ಸೀಳು. ಆ ರಬ್ಬರಿನ ಆಯಸ್ಸು ಮುಗಿದಿತ್ತು, ಅಷ್ಟೇ. ಈ ಎಂಜಿನ್‌ನ ಒಳ್ಳೆಯ ಗುಣ ಏನೆಂದರೆ ಸೀಲ್ ಬದಲಿಸಲು ಇಡೀ ಎಂಜಿನ್ ಸೀಳಬೇಕಾಗಿಲ್ಲ, ಹೊರಗಿನಿಂದಲೇ ಆಗುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ಅದನ್ನು ತಡೆಯುವ ಕಂದು ಬಣ್ಣದ ವಿಟಾನ್ ಸೀಲ್ ತರಿಸಿದೆವು. ಎರಡೂ ಕಡೆ ಬದಲಿಸಿದೆವು.

ಫ್ಲೈವೀಲ್ ಹೇಗೂ ಬಿಚ್ಚಿತ್ತಲ್ಲ, ಹೊಸ ಪಾಯಿಂಟ್ ಮತ್ತು ಕಂಡೆನ್ಸರ್ ಕೂಡ ಹಾಕಿದೆವು. ಟೈಮಿಂಗ್ ಸೆಟ್ ಮಾಡುವ ಕೆಲಸ ಹುಡುಗನಿಗೇ ಬಿಟ್ಟೆ. ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.4 ಮಿಲಿಮೀಟರ್ ಇರಬೇಕು. ಪಿಸ್ಟನ್ ಮೇಲಿನ ತುದಿ ಮುಟ್ಟಲು 1.8 ಮಿಲಿಮೀಟರ್ ಬಾಕಿ ಇರುವಾಗ ಪಾಯಿಂಟ್ ತೆರೆಯಲು ಶುರುವಾಗಬೇಕು. ಪ್ಲಗ್ ತೂತಿಗೆ ಡಯಲ್ ಗೇಜ್ ಸಿಕ್ಕಿಸಿ ಫ್ಲೈವೀಲನ್ನು ಕೈಯಲ್ಲಿ ತಿರುಗಿಸುತ್ತಾ ಹೋದ. ಮುಳ್ಳು ಮೇಲೇರಿ, ನಿಂತು, ಇಳಿಯಲು ತೊಡಗುವ ಜಾಗ ಹುಡುಕಿ, ಅಲ್ಲಿ ಸೊನ್ನೆ ಮಾಡಿ, ವಾಪಸ್ ತಿರುಗಿಸಿ 1.8ಕ್ಕೆ ತಂದ. ಸ್ಕ್ರೂ ಬಿಗಿಮಾಡಿದಾಗೆಲ್ಲ ಗ್ಯಾಪ್ ಕೊಂಚ ಜರುಗುತ್ತಿತ್ತು. ಮತ್ತೆ ಸಡಿಲಿಸಿ ಮತ್ತೆ ಹಿಡಿದ. ಫೋನನ್ನು ಎತ್ತಿ ಕೂಡ ನೋಡಲಿಲ್ಲ. ಅವನ ಅಪ್ಪ ಬಾಗಿಲ ಹತ್ತಿರ ಬಂದು ನಿಂತು, ಏನೂ ಹೇಳದೆ ವಾಪಸ್ ಹೋದರು. ಹೊಸ ಸ್ಕೂಟರಿನ ಮಾತು ಆ ಮನೆಯಲ್ಲಿ ಮತ್ತೆ ಎದ್ದದ್ದು ನಾನು ಕೇಳಿಲ್ಲ.

ಬಿಸಿಯಾದ ಮೇಲೂ ಎಂಜಿನ್ ಈಗ ತಗ್ಗಿ ಸಣ್ಣಗೆ ಉಸಿರಾಡುತ್ತದೆ. ಪ್ಲಗ್ ತುದಿ ಚಹಾ ಬಣ್ಣಕ್ಕೆ ಬಂದಿದೆ.

ಬಿಡಿಭಾಗ ಸಿಕ್ಕಿದ್ದರಿಂದಲೇ ಇದೆಲ್ಲ ಆಯಿತು ಅನ್ನುವುದನ್ನು ಮರೆಯಬಾರದು. ಸೂಲ್‌ನ ಕಾರ್ಖಾನೆ ಏಕೀಕರಣದ ನಂತರ ಕುಂಟುತ್ತಾ ಸಾಗಿ 2002ರಲ್ಲಿ ದಿವಾಳಿಯಾಯಿತು. ಆದರೂ ಸಿಮ್ಸನ್‌ನ ಬಿಡಿಭಾಗಗಳನ್ನು ಇವತ್ತಿಗೂ ಹೊಸದಾಗಿ ತಯಾರಿಸಿ ಮಾರುವವರಿದ್ದಾರೆ. ಬೋಲ್ಟಿನಿಂದ ಸಿಲಿಂಡರ್ ತನಕ ಎಲ್ಲ ಸಿಗುತ್ತದೆ. 60ರ ವಿನಾಯಿತಿ ಇರುವುದರಿಂದ ಮಕ್ಕಳು ಕೊಳ್ಳುತ್ತಾರೆ, ಮಕ್ಕಳು ಕೊಳ್ಳುವುದರಿಂದ ಬಿಡಿಭಾಗ ಮಾಡುವವರಿಗೆ ವ್ಯಾಪಾರ, ಬಿಡಿಭಾಗ ಇರುವುದರಿಂದ ಗಾಡಿ ಸಾಯುವುದಿಲ್ಲ.

ಪಶ್ಚಿಮದಲ್ಲಿ ಆದದ್ದು

ಇದನ್ನು ಅರ್ಥಮಾಡಿಕೊಳ್ಳಲು ಪಶ್ಚಿಮ ಜರ್ಮನಿಯ ಕಥೆಯನ್ನೂ ನೋಡಬೇಕು. ಅಲ್ಲಿ 1960-70ರ ದಶಕದ ಹುಡುಗರ ಕನಸು ಕ್ರೈಡ್ಲರ್ ಫ್ಲೋರೆಟ್, ಜುಂಡಾಪ್, ಹರ್ಕ್ಯುಲಿಸ್. ಅವೂ 50 ಸಿಸಿ ಟೂ-ಸ್ಟ್ರೋಕ್‌ಗಳೇ. ಅವುಗಳಲ್ಲಿ ಒಂದು ವರ್ಗಕ್ಕೆ ವೇಗದ ಮಿತಿ ಇರಲಿಲ್ಲ, 80 ದಾಟಿ ಓಡುತ್ತಿದ್ದವು. ಎಂಜಿನಿಯರಿಂಗ್‌ನಲ್ಲಿ ಸಿಮ್ಸನ್‌ಗಿಂತ ಒಂದು ಕೈ ಮೇಲೆ ಅಂತಲೇ ಹೇಳಬೇಕು. ಅಪಘಾತ ಹೆಚ್ಚಾಯಿತು, ವಿಮೆ ಹುಡುಗರ ಕೈಗೆಟುಕದಷ್ಟು ಏರಿತು. 1980ರ ದಶಕದ ಶುರುವಿನಲ್ಲಿ ಕಾನೂನು ಬದಲಾಗಿ, 80 ಸಿಸಿ ಮತ್ತು 80 ಕಿಲೋಮೀಟರ್‌ನ ಹೊಸ ವರ್ಗ ಬಂತು. ವೇಗದ 50 ಸಿಸಿಯ ಮಾರುಕಟ್ಟೆ ಕುಸಿಯಿತು. ಜಪಾನಿನ ಗಾಡಿಗಳ ಪೈಪೋಟಿ ಬೇರೆ. ಕ್ರೈಡ್ಲರ್ 1982ರಲ್ಲಿ ಮುಚ್ಚಿತು. ಮ್ಯೂನಿಕ್‌ನ ಜುಂಡಾಪ್ 1984ರಲ್ಲಿ ದಿವಾಳಿಯಾಗಿ, ಅದರ ಯಂತ್ರಗಳು ಚೀನಾಕ್ಕೆ ಹೋದವು.

ಆ ಜುಂಡಾಪ್‌ನ ಒಂದು ಕೊಂಬೆ ನಮ್ಮ ಕಡೆಗೂ ಚಾಚಿತ್ತು. ಮದ್ರಾಸಿನ ಎನ್‌ಫೀಲ್ಡ್ ಇಂಡಿಯಾ 1980ರ ದಶಕದಲ್ಲಿ ತಂದ ಎಕ್ಸ್‌ಪ್ಲೋರರ್, ಸಿಲ್ವರ್ ಪ್ಲಸ್, ಫ್ಯೂರಿ ಮೂರೂ ಜುಂಡಾಪ್ ತಂತ್ರಜ್ಞಾನದ ಗಾಡಿಗಳು. 50 ಸಿಸಿಯ ಎಕ್ಸ್‌ಪ್ಲೋರರ್ ನೋಡಲು ಎಷ್ಟು ಚೆಂದ ಇತ್ತು! ಕಾಲೇಜು ಹುಡುಗರಿಗೆ ಅಂತಲೇ ಮಾಡಿದಂತಿತ್ತು. ನಮ್ಮಲ್ಲಿ ಆ ಹೊತ್ತಿಗೆ ಲೂನಾ, ಟಿವಿಎಸ್ 50 ಮನೆಮನೆಗೆ ಬಂದಿದ್ದವು, ಹಿಂದೆಯೇ 100 ಸಿಸಿ ಜಪಾನಿ ಬೈಕುಗಳು ಬಂದವು. ಎಕ್ಸ್‌ಪ್ಲೋರರ್ ಹೆಚ್ಚು ದಿನ ನಿಲ್ಲಲಿಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲೂ 16 ತುಂಬಿದವರಿಗೆ 50 ಸಿಸಿ ಗಾಡಿ ಅಂತ ಬರೆದಿದೆ. ಆದರೆ ಆ ಗಾತ್ರದ ಪೆಟ್ರೋಲ್ ಗಾಡಿಗಳೇ ಅಂಗಡಿಯಿಂದ ಮಾಯವಾದವು. ಕಾನೂನಿನ ಜೊತೆಗೆ ಗಾಡಿ, ಗಾಡಿಯ ಜೊತೆಗೆ ಬಿಡಿಭಾಗ ಬದುಕಿದ್ದರೆ ಮಾತ್ರ ಒಂದು ತಲೆಮಾರಿನ ಮಕ್ಕಳಿಗೆ ಅದು ಸಿಗುತ್ತದೆ. ಕ್ರೈಡ್ಲರ್, ಜುಂಡಾಪ್ ಇವತ್ತು ಸಂಗ್ರಹಕಾರರ ಮನೆಯಲ್ಲಿವೆ. ಅವುಗಳಿಗಿಂತ ಸಾಧಾರಣವಾದ ಸಿಮ್ಸನ್ ಶಾಲೆಯ ಮುಂದೆ ನಿಂತಿದೆ.

ತೊಂದರೆಗಳು

ಎಸ್51 ಮೇಲೆ ನನಗೆ ಪ್ರೀತಿ ಇದೆ. ಆದರೂ ಹೇಳಬೇಕಾದದ್ದು ಹೇಳಬೇಕು.

ಮೊದಲನೆಯದು ಬ್ರೇಕು. ಮುಂದೆ ಹಿಂದೆ ಎರಡೂ 125 ಮಿಲಿಮೀಟರ್ ಡ್ರಮ್. ಒಬ್ಬನೇ ಹೋದರೆ ಸಾಕು. ಇಬ್ಬರು ಕೂತು ಥುರಿಂಗಿಯಾದ ಇಳಿಜಾರಿನಲ್ಲಿ ಬಂದರೆ ಬ್ರೇಕ್ ಬಿಸಿಯಾಗಿ ಹಿಡಿತ ಸಡಿಲವಾಗುತ್ತದೆ. ಹೊಸ ಗಾಡಿಯ ಡಿಸ್ಕ್ ಬ್ರೇಕ್‌ಗೆ ಇದು ಸಮ ಅಲ್ಲ. ಬ್ರೇಕ್ ಶೂ, ಕೇಬಲ್ ಹೊಸದು ಹಾಕಿದ ಮೇಲೂ ಹುಡುಗನನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, 50ರಿಂದ ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಿಸಿದೆವು. ಇಳಿಜಾರಿನಲ್ಲಿ ಗೇರ್ ಇಳಿಸುವುದನ್ನು ಅಜ್ಜ ಕಲಿಸಿದರು.

ಎರಡನೆಯದು ಆಸೆ. 60, 70 ಸಿಸಿಯ ಸಿಲಿಂಡರ್ ಕಿಟ್ಟುಗಳು ಸುಲಭವಾಗಿ ಸಿಗುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಹುಡುಗ ಒಂದು ದಿನ ಮೆಲ್ಲಗೆ ಆ ಮಾತು ತೆಗೆದ. ಅಪ್ಪ ಸಿಟ್ಟಾಗದೆ ಲೆಕ್ಕ ಹೇಳಿದರು. 50 ಸಿಸಿ ದಾಟಿದ ಕ್ಷಣ ಗಾಡಿಯ ಪರವಾನಗಿ ರದ್ದಾಗುತ್ತದೆ. ಅವನ ಲೈಸೆನ್ಸ್ ಆ ಗಾಡಿಗೆ ಸಲ್ಲುವುದಿಲ್ಲ, ಅಂದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ. ವಿಮಾ ಕಂಪನಿ ಅಪಘಾತದ ಹಣವನ್ನು ಅವನಿಂದ ವಸೂಲಿಗೆ ಬರಬಹುದು. ಪೊಲೀಸರು ಅನುಮಾನ ಬಂದರೆ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ವೇಗ ಅಳೆಯುತ್ತಾರೆ. "ನಿನಗೆ ಸಿಕ್ಕಿರುವ 60ನ್ನು 75 ಮಾಡಲು ಹೋಗಿ ಕಳೆದುಕೊಳ್ಳಬೇಡ ಕಣೋ" ಅಂದರು ಅಜ್ಜ. ಕಡ್ಡಾಯ ತಪಾಸಣೆ ಇಲ್ಲದಿರುವುದರಿಂದ ಇದನ್ನೆಲ್ಲ ನೋಡಿಕೊಳ್ಳುವ ಹೊಣೆ ಪೂರ್ತಿ ಮನೆಯವರ ಮೇಲಿದೆ. ನನ್ನನ್ನು ಕೇಳಿದರೆ, 15ರ ಮಕ್ಕಳು ಓಡಿಸುವ ಗಾಡಿಗೆ ವರ್ಷಕ್ಕೊಮ್ಮೆ ಬ್ರೇಕ್ ಮತ್ತು ಲೈಟ್ ಪರೀಕ್ಷೆ ಇರಲೇಬೇಕು.

ಹೊಗೆಯ ಮಾತು ಬಂದೇ ಬರುತ್ತದೆ. ಟೂ-ಸ್ಟ್ರೋಕ್ ಎಂಜಿನ್ ಆಯಿಲ್ ಸುಡುತ್ತದೆ, ಸ್ವಲ್ಪ ಪೆಟ್ರೋಲ್ ಸುಡದೆಯೇ ಹೊರಗೆ ಹೋಗುತ್ತದೆ. ಸಿಂಥೆಟಿಕ್ ಆಯಿಲ್ ಹಾಕಿದರೆ ಕಣ್ಣಿಗೆ ಕಾಣುವ ಹೊಗೆ ಕಡಿಮೆಯಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಇದಕ್ಕೆ ಸಮರ್ಥನೆ ಹುಡುಕಲು ನಾನು ಹೋಗುವುದಿಲ್ಲ. ನಾಳೆ 60 ಓಡುವ ವಿದ್ಯುತ್ ಗಾಡಿಗೂ ಇದೇ ಸಣ್ಣ ಲೈಸೆನ್ಸ್ ಸಾಕು ಅಂತ ಕಾನೂನು ಬಂದರೆ ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ. ಮಕ್ಕಳಿಗೆ ಬೇಕಾಗಿರುವುದು ಕಾರುಗಳ ಮಧ್ಯೆ ಹೆದರದೆ ಹೋಗುವ ವೇಗ. ಈಗ ಅದು ಹೊಗೆ ಬಿಡುವ ಹಳೆ ಗಾಡಿಯಲ್ಲಿ ಮಾತ್ರ ಸಿಗುತ್ತಿದೆ, ಹೊಸದರಲ್ಲಿ ಕಾನೂನು ಅದನ್ನು ಕೊಡುತ್ತಿಲ್ಲ.

ಕಳ್ಳತನವೂ ಇದೆ. ಒಳ್ಳೆಯ ಸ್ಥಿತಿಯ ಎಸ್51ಗೆ ಎಷ್ಟೋ ಸಲ ಹೊಸ ಸ್ಕೂಟರಿಗಿಂತ ಜಾಸ್ತಿ ಬೆಲೆ. 1992ರ ನಂತರದ್ದಕ್ಕೆ ವಿನಾಯಿತಿ ಇಲ್ಲವಾದ್ದರಿಂದ ಇರುವಷ್ಟೇ ಇರುವುದು, ಹೊಸದು ಸೇರುವುದಿಲ್ಲ. ಹಾಗಾಗಿ ನಮ್ಮ ಗಾಡಿಗೆ ದಪ್ಪ ಸರಪಳಿ ಬಂದಿದೆ. ಶಾಲೆಯಲ್ಲಿ ಕಂಬಕ್ಕೆ ಕಟ್ಟದೆ ಹುಡುಗ ಒಳಗೆ ಹೋಗುವುದಿಲ್ಲ.

ಸದ್ಯದ ಸ್ಥಿತಿ

ಗಾಡಿ ಓಡುತ್ತಿದೆ. ಶಾಲೆಗೆ, ಫುಟ್‌ಬಾಲಿಗೆ, ಒಮ್ಮೊಮ್ಮೆ ಬೆಟ್ಟ ದಾಟಿ ಸೂಲ್‌ಗೂ. ಅಲ್ಲಿನ ವಾಹನ ಮ್ಯೂಸಿಯಂ ನೋಡಿ ಬಂದ. ಸಿಮ್ಸನ್ ಕುಟುಂಬದ ಕಥೆ ಓದಿ ಬಂದು ಅಜ್ಜನಿಗೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದನಂತೆ. ಏರಿನಲ್ಲಿ ಮೂರನೇ ಗೇರಿಗೆ ಇಳಿಸಬೇಕಾಗುತ್ತದೆ, ಹಿಂದೆ ಗೆಳೆಯ ಕೂತಿದ್ದರೆ ಎರಡಕ್ಕೆ. ಆಗ ಹಿಂದಿನ ಕಾರುಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುವುದನ್ನು ಕಲಿತಿದ್ದಾನೆ. ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಯಾರನ್ನೂ ಕರೆಯುವುದಿಲ್ಲ. ಪ್ಲಗ್ ಬಿಚ್ಚಿ ನೋಡುತ್ತಾನೆ, ಒದ್ದೆಯಾಗಿದ್ದರೆ ಒರೆಸುತ್ತಾನೆ, ಕಿಡಿ ಬರುತ್ತಿದೆಯಾ ಅಂತ ಪರೀಕ್ಷೆ ಮಾಡುತ್ತಾನೆ. ಮುಂದಿನ ವರ್ಷ 16 ತುಂಬಿದ ಮೇಲೆ 125 ಸಿಸಿಯ ಲೈಸೆನ್ಸ್ ತೆಗೆದುಕೊಳ್ಳಬಹುದು. ತೆಗೆದುಕೊಳ್ಳುತ್ತಾನಾ ಅಂತ ಕೇಳಿದರೆ ಭುಜ ಹಾರಿಸುತ್ತಾನೆ.

ಬಾಕಿ ಉಳಿದಿರುವುದು ಲೈಟು. 6 ವೋಲ್ಟಿನ 25 ವ್ಯಾಟ್ ಬಲ್ಬು ಕಾಡಿನ ರಸ್ತೆಯ ಕತ್ತಲಿಗೆ ಏನೇನೂ ಸಾಲದು. ಇಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. 12 ವೋಲ್ಟಿಗೆ ಬದಲಿಸುವ ಸೆಟ್ ಸಿಗುತ್ತದೆ, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಅದರ ಜೊತೆಗೇ ಬರುತ್ತದೆ. ತಾನು ಅಷ್ಟು ಕಷ್ಟಪಟ್ಟು ಹಿಡಿದ 0.4 ಮತ್ತು 1.8 ಎರಡೂ ಹೋಗಿಬಿಡುತ್ತವಲ್ಲ ಅಂತ ಹುಡುಗನಿಗೆ ಬೇಜಾರು. ಅಪ್ಪನ ಪಟ್ಟು ಮಾತ್ರ ಒಂದೇ: ಒಳ್ಳೆ ಲೈಟ್ ಬರುವ ತನಕ ಕತ್ತಲಾದ ಮೇಲೆ ಗಾಡಿ ಮುಟ್ಟಬಾರದು. ಇದರಲ್ಲಿ ನಾನು ಅಪ್ಪನ ಕಡೆ. ಮಾರ್ಚ್ 1ಕ್ಕೆ ಹೊಸ ಪ್ಲೇಟ್ ಹಾಕುವುದರೊಳಗೆ ವೈರಿಂಗ್ ಮುಗಿಸುವುದು ಅಂತ ಮಾತಾಗಿದೆ.